ತಂತಿ ಯಾರದು, ದಾರಿ ಯಾರಿಗೆ?

ಮನೆಗೆ ಬರುವ ತಂತಿ ಒಬ್ಬರದು. ಅದರ ಮೇಲೆ ಇಂಟರ್‌ನೆಟ್ ಒದಗಿಸುವ ಹಕ್ಕೂ ಅವರೊಬ್ಬರದೇ? ಅಮೆರಿಕದಲ್ಲಿ ಈ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು.

ಸ್ಥಳೀಯ ಟೆಲಿಫೋನ್ ಕಂಪೆನಿಗಳು ತಮ್ಮ ತಂತಿಗಳನ್ನು ಪ್ರತಿಸ್ಪರ್ಧಿಗಳಿಗೂ ಬಾಡಿಗೆಗೆ ಕೊಡಬೇಕೆಂದು 1996ರ ದೂರಸಂಪರ್ಕ ಕಾಯ್ದೆ ವಿಧಿಸಿತು. ಕೇಬಲ್ ಕಂಪೆನಿಗಳಿಗೆ ಈ ಕಟ್ಟುಪಾಡು ಇರಲಿಲ್ಲ. ಈ ತಾರತಮ್ಯ ಏಕೆಂದು ಟೆಲಿಫೋನ್ ಕಂಪೆನಿಗಳು ದನಿಯೆತ್ತಿದವು. ಬ್ರಾಡ್‌ಬ್ಯಾಂಡ್ ಮಟ್ಟಿಗೆ ಅವುಗಳ ಹೊರೆ ಇಳಿಸುವ ಟೌಜಿನ್–ಡಿಂಗೆಲ್ ಮಸೂದೆ 2002ರಲ್ಲಿ ಪ್ರತಿನಿಧಿ ಸಭೆಯಲ್ಲಿ 273–157 ಮತಗಳಿಂದ ಗೆದ್ದರೂ ಸೆನೆಟ್ ದಾಟಲಿಲ್ಲ.

ಶಾಸನಸಭೆ ಕೊಡದ್ದನ್ನು ಸಂಪರ್ಕ ಆಯೋಗ ಕೊಟ್ಟಿತು. ಕೇಬಲ್ ಇಂಟರ್‌ನೆಟ್ ಬರೀ ‘ಮಾಹಿತಿ ಸೇವೆ’, ಆದ್ದರಿಂದ ತಂತಿ ಹಂಚಿಕೊಳ್ಳಬೇಕಿಲ್ಲ ಎಂಬ ಅದರ ನಿಲುವನ್ನು 2005ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 6–3ರ ಬಹುಮತದಿಂದ ಎತ್ತಿಹಿಡಿಯಿತು. ಆಗಸ್ಟ್‌ನಲ್ಲಿ ಆಯೋಗ ಟೆಲಿಫೋನ್ ಬ್ರಾಡ್‌ಬ್ಯಾಂಡನ್ನೂ ಅದೇ ಪಟ್ಟಿಗೆ ಸೇರಿಸಿತು. ಪರರ ತಂತಿಯನ್ನೇ ನೆಚ್ಚಿದ್ದ ಸಣ್ಣ ಸೇವಾದಾರರ ದಾರಿ ಕಿರಿದಾಯಿತು. ಜೊತೆಗೆ ಗ್ರಾಹಕನ ಆಯ್ಕೆಯೂ.