ಈಜುಕೊಳದ ನೀರೋ, ನೆಲವೋ?

ಬೇಸಿಗೆ ರಜೆ ಬಂತೆಂದರೆ ವಿಜಯನಗರ, ಬಸವೇಶ್ವರನಗರ, ರಾಜಾಜಿನಗರಗಳ ಮಕ್ಕಳು ಈಜು ಕಲಿಯಲು ಹೊರಡುತ್ತಾರೆ. ಜೂನ್ ಹೊತ್ತಿಗೆ ಶಾಲೆ ತೆರೆದಿರುತ್ತದೆ, ಮಳೆಯೂ ಹಿಡಿದಿರುತ್ತದೆ. ಅದೇ ಪಾದಗಳು ಈಗ ಒದ್ದೆ ಕಾಲುಚೀಲ, ಬೂಟುಗಳೊಳಗೆ ದಿನವಿಡೀ ಇರುತ್ತವೆ. ಕೆಲವರ ಕಿರುಬೆರಳ ಸಂದಿಯಲ್ಲಿ ನವೆ ಶುರುವಾಗುತ್ತದೆ. ಚರ್ಮ ಬಿಳಿಚಿ, ಮೆತ್ತಗಾಗಿ, ಸಿಪ್ಪೆ ಏಳುತ್ತದೆ. ‘ಈಜುಕೊಳದ ನೀರೇ ಸರಿಯಿಲ್ಲ’ ಎಂದು ಮನೆಯವರು ತೀರ್ಮಾನಿಸುತ್ತಾರೆ. ತಪ್ಪು ನಿಜವಾಗಿಯೂ ನೀರಿನದೇ? ಈ ಪ್ರಶ್ನೆಗೆ ವಿಜ್ಞಾನ ಉತ್ತರ ಕಂಡುಕೊಂಡ ಬಗೆಯನ್ನು ನೋಡೋಣ.

ಹುಳುವಲ್ಲ, ಶಿಲೀಂಧ್ರ

ಈ ರೋಗ ಹುಳುಕಡ್ಡಿಯ ಬಂಧು. ಹೆಸರಿನಲ್ಲಿ ಹುಳು ಇದ್ದರೂ ಇದಕ್ಕೆ ಕಾರಣ ಬೂಷ್ಟಿನ ಗುಂಪಿಗೆ ಸೇರಿದ ಶಿಲೀಂಧ್ರ. ಚರ್ಮದ ಹೊರಪದರ, ಉಗುರು ಮತ್ತು ಕೂದಲುಗಳಲ್ಲಿರುವ ಕೆರಾಟಿನ್ ಎಂಬ ಪ್ರೋಟೀನೇ ಅದರ ಆಹಾರ. ಪಾದದ ಈ ರೋಗವನ್ನು ಇಟಲಿಯ ಪೆಲ್ಲಿಝಾರಿ 1888ರಲ್ಲಿ ವರದಿ ಮಾಡಿದರು. 1908ರಲ್ಲಿ ಲಂಡನ್ನಿನ ವೈದ್ಯ ಆರ್ಥರ್ ವಿಟ್‌ಫೀಲ್ಡ್ ಅದರ ಬಗ್ಗೆ ಬರೆದಾಗಲೂ ಯುರೋಪಿನಲ್ಲಿ ಅದು ಅಪರೂಪದ ಕಾಯಿಲೆಯೆಂದೇ ಭಾವಿಸಲಾಗಿತ್ತು. ಬೆಂಜೋಯಿಕ್ ಮತ್ತು ಸ್ಯಾಲಿಸಿಲಿಕ್ ಆಮ್ಲಗಳನ್ನು ಬೆರೆಸಿ ತಯಾರಿಸುವ ಮುಲಾಮಿಗೆ ಇಂದಿಗೂ ಈ ವಿಟ್‌ಫೀಲ್ಡರ ಹೆಸರೇ ಇದೆ.

1910ರಲ್ಲಿ ಆಲ್ಡೊ ಕ್ಯಾಸ್ಟೆಲ್ಲಾನಿ ವಿವರಿಸಿದ ಶಿಲೀಂಧ್ರವನ್ನು ಇಂದು ಟ್ರೈಕೊಫೈಟಾನ್ ರೂಬ್ರಮ್ ಎಂದು ಕರೆಯುತ್ತೇವೆ. ಪ್ರಪಂಚದಾದ್ಯಂತ ಪಾದದ ರೋಗಕ್ಕೆ ಮುಖ್ಯ ಕಾರಣ ಇದೇ. ಇದರ ಮೂಲ ನೆಲೆ ಆಗ್ನೇಯ ಏಷ್ಯಾ ಮತ್ತು ಸುತ್ತಲಿನ ಪ್ರದೇಶ ಎಂಬುದು ಹಲವು ತಜ್ಞರ ಅಭಿಪ್ರಾಯ. ಬರಿಗಾಲಲ್ಲಿ ನಡೆಯುವ ಜನರಲ್ಲಿ ಅದು ಮೈಮೇಲೆ ಕಾಣಿಸುತ್ತಿತ್ತೇ ಹೊರತು ಪಾದದಲ್ಲಿ ಅಷ್ಟಾಗಿ ಅಲ್ಲ. ಸೈನಿಕರು ಮತ್ತು ಪ್ರಯಾಣಿಕರೊಡನೆ ಪಶ್ಚಿಮಕ್ಕೆ ಹೋದ ಶಿಲೀಂಧ್ರಕ್ಕೆ ಬೆಚ್ಚಗಿನ, ತೇವದ ಬೂಟು ಹೇಳಿಮಾಡಿಸಿದ ಮನೆಯಾಯಿತು.

ನೆಲದ ಪರೀಕ್ಷೆ

ಸಾರ್ವಜನಿಕ ಈಜುಕೊಳಗಳು ಹೆಚ್ಚಿದಂತೆ ಅನುಮಾನ ಅವುಗಳ ಮೇಲೆ ಬಿತ್ತು. ಅಮೆರಿಕದಲ್ಲಿ ಈಜುಗಾರರು ಔಷಧ ಬೆರೆಸಿದ ನೀರಿನ ತೊಟ್ಟಿಯಲ್ಲಿ ಕಾಲಿಟ್ಟು ಒಳಗೆ ಹೋಗುವ ಪದ್ಧತಿ ಬಂದಿತು. ಆದರೆ ಕೆಲವೇ ಸೆಕೆಂಡು ಕಾಲು ಅದ್ದಿದರೆ ಚರ್ಮದೊಳಗೆ ಬೇರುಬಿಟ್ಟ ಶಿಲೀಂಧ್ರ ಸಾಯುವುದೇ?

1950ರ ದಶಕದಲ್ಲಿ ರುಡಾಲ್ಫ್ ಬೇರ್ ಮತ್ತು ಸಂಗಡಿಗರು ಇನ್ನೂ ಮುಂದೆ ಹೋದರು. ಶಿಲೀಂಧ್ರ ಬೆರೆಸಿದ ನೀರಿನಲ್ಲೇ ಸ್ವಯಂಸೇವಕರ ಪಾದಗಳನ್ನು ಅದ್ದಿಸಿದರು. ಹೀಗೆ ರೋಗ ಬರಿಸುವುದು ಬಹಳ ಕಷ್ಟವೆಂದು ಕಂಡುಬಂದಿತು. ಹಾಗಾದರೆ ಈಜುಕೊಳ ನಿರ್ದೋಷಿಯೇ?

ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿದ್ದ ಜೆ. ಸಿ. ಜೆಂಟಲ್ಸ್ ನೀರನ್ನು ಬಿಟ್ಟು ನೆಲವನ್ನು ಪರೀಕ್ಷಿಸಿದರು. ಸಾರ್ವಜನಿಕ ಸ್ನಾನಸ್ಥಳಗಳ ನೆಲದಲ್ಲಿ ಈ ಶಿಲೀಂಧ್ರಗಳು ಇರುವುದನ್ನು 1957ರಲ್ಲಿ ಪ್ರಕಟಿಸಿದರು. 1973ರಲ್ಲಿ ಅವರೂ ಇ. ಜಿ. ವಿ. ಇವಾನ್ಸ್ ಅವರೂ ಒಂದು ಈಜುಕೊಳದ 773 ಮಂದಿಯ ಪಾದಗಳನ್ನು ಪರೀಕ್ಷಿಸಿದಾಗ ಶೇಕಡ 8.5 ಮಂದಿಯಲ್ಲಿ ರೋಗವಿತ್ತು. 16 ವರ್ಷ ದಾಟಿದ ಗಂಡಸರಲ್ಲಿ ಈ ಪ್ರಮಾಣ ಶೇಕಡ 21.5.

ಎರಡೂ ಫಲಿತಾಂಶಗಳು ಸರಿಯೇ. ರೋಗಿಯ ಪಾದದಿಂದ ಉದುರುವ ಚರ್ಮದ ಚೂರುಗಳಲ್ಲಿ ಶಿಲೀಂಧ್ರ ತಿಂಗಳುಗಟ್ಟಲೆ ಜೀವಂತವಾಗಿರಬಲ್ಲದು. ಕೊಳದ ನೀರಿನಲ್ಲಿ ಈ ಚೂರುಗಳು ಚದುರಿಹೋಗುತ್ತವೆ, ಅಲ್ಲಿ ಕ್ಲೋರಿನ್ ಸಹ ಇರುತ್ತದೆ. ಕೊಳದ ಅಂಚು, ಷವರ್ ಮತ್ತು ಬಟ್ಟೆ ಬದಲಿಸುವ ಕೋಣೆಯ ಒದ್ದೆ ನೆಲದಲ್ಲಾದರೋ ಅವು ಒಬ್ಬರ ಪಾದದಿಂದ ಇನ್ನೊಬ್ಬರ ಪಾದಕ್ಕೆ ಅಂಟುತ್ತವೆ. ಆದರೆ ಅಂಟಿದ ಮಾತ್ರಕ್ಕೆ ರೋಗ ಬಾರದು. ಅದು ಮೊಳೆಯಲು ಗಂಟೆಗಟ್ಟಲೆ ತೇವ ಬೇಕು.

ಬೆರಳ ಸಂದಿಯ ಭೌತಶಾಸ್ತ್ರ

ಆ ತೇವ ಎಲ್ಲಿಂದ ಬರುತ್ತದೆ? ಎರಡು ಗಾಜಿನ ಪಟ್ಟಿಗಳನ್ನು ಒದ್ದೆಮಾಡಿ ಒಂದಕ್ಕೊಂದು ಒತ್ತಿಡಿ. ಹೊರಮೈ ಬೇಗ ಒಣಗುತ್ತದೆ, ನಡುವಿನ ನೀರು ಮಾತ್ರ ಹಾಗೇ ಉಳಿಯುತ್ತದೆ. ಮೇಲ್ಮೈ ಸೆಳೆತ ಅದನ್ನು ಹಿಡಿದಿಡುತ್ತದೆ. ಗಾಳಿಗೆ ತೆರೆದ ಅಂಚು ಕಿರಿದಾದ್ದರಿಂದ ಆವಿಯಾಗುವುದೂ ನಿಧಾನ. ನಾಲ್ಕನೆಯ ಮತ್ತು ಕಿರುಬೆರಳು ಹೆಚ್ಚು ಒತ್ತಾಗಿರುತ್ತವೆ. ರೋಗ ಸಾಮಾನ್ಯವಾಗಿ ಅಲ್ಲಿಂದಲೇ ಶುರುವಾಗುತ್ತದೆ. ಹತ್ತಿಯ ಬಟ್ಟೆ ತನ್ನ ಎಳೆಗಳ ನಡುವಿನ ಸೂಕ್ಷ್ಮ ಸಂದುಗಳಿಗೆ ಈ ನೀರನ್ನು ಹೀರಿಕೊಳ್ಳುತ್ತದೆ. ವಿದ್ಯಾರ್ಥಿಗಳಿಗೆ ಲೋಮನಾಳ ಕ್ರಿಯೆಯನ್ನು ವಿವರಿಸಲು ಇದಕ್ಕಿಂತ ಉಪಯುಕ್ತ ಉದಾಹರಣೆ ಬೇಕೆ?

ಔಷಧವಿದೆ, ಆದರೆ...

1939ರಲ್ಲಿ ಪೆನಿಸಿಲಿಯಮ್ ಜಾತಿಯ ಒಂದು ಬೂಷ್ಟಿನಿಂದ ಗ್ರೀಸಿಯೋಫಲ್ವಿನ್ ಎಂಬ ವಸ್ತುವನ್ನು ಬೇರ್ಪಡಿಸಲಾಗಿತ್ತು. ಅದನ್ನು ಬಾಯಿಯ ಮೂಲಕ ಕೊಟ್ಟು ಗಿನಿಯಿಲಿಗಳ ಹುಳುಕಡ್ಡಿಯನ್ನು ವಾಸಿಮಾಡಬಹುದೆಂದು 1958ರಲ್ಲಿ ತೋರಿಸಿದವರು ಇದೇ ಜೆಂಟಲ್ಸ್. ಮುಂದೆ ಟರ್ಬಿನಾಫಿನ್‌ನಂಥ ಇನ್ನೂ ಉತ್ತಮ ಔಷಧಗಳು ಬಂದವು. ಸಮಸ್ಯೆ ಬಗೆಹರಿಯಿತು ಎನಿಸಿತ್ತು.

ಆದರೆ 2010ರ ದಶಕದಲ್ಲಿ ಭಾರತದ ಚರ್ಮವೈದ್ಯರು ಸುಲಭಕ್ಕೆ ವಾಸಿಯಾಗದ ಹುಳುಕಡ್ಡಿಯನ್ನು ಹೆಚ್ಚುಹೆಚ್ಚಾಗಿ ಕಾಣತೊಡಗಿದರು. 2020ರಲ್ಲಿ ಹೆಸರಿಸಲಾದ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂಬ ಪ್ರಭೇದದ ಹಲವು ತಳಿಗಳು ಟರ್ಬಿನಾಫಿನ್‌ಗೆ ಬಗ್ಗುವುದಿಲ್ಲ. ಇದು ಹೆಚ್ಚಾಗಿ ತೊಡೆಸಂದು ಮತ್ತು ಮೈಯನ್ನು ಕಾಡುತ್ತದೆ. ವೈದ್ಯರ ಚೀಟಿಯಿಲ್ಲದೆ ಕೊಂಡು ಹಚ್ಚುವ ಸ್ಟಿರಾಯ್ಡ್ ಬೆರೆತ ಮುಲಾಮುಗಳು ಪರಿಸ್ಥಿತಿಯನ್ನು ಬಿಗಡಾಯಿಸಿದವು. ಅವು ನವೆಯನ್ನು ಅಡಗಿಸುತ್ತವೆ, ಒಳಗೆ ಶಿಲೀಂಧ್ರ ಹಬ್ಬುತ್ತಲೇ ಇರುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟಿರಾಯ್ಡ್‌ಗಳನ್ನು ಚೀಟಿಯಿಲ್ಲದೆ ಮಾರುವುದನ್ನು ನಿರ್ಬಂಧಿಸಿತು.

ಆದ್ದರಿಂದ ರೋಗ ಬಾರದಂತೆ ನೋಡಿಕೊಳ್ಳುವುದಕ್ಕೆ ಹಿಂದೆಂದಿಗಿಂತ ಹೆಚ್ಚು ಬೆಲೆಯಿದೆ. ನೀರಿಗಿಳಿಯುವ ಅಂಚಿನವರೆಗೂ ನಿಮ್ಮದೇ ಹವಾಯಿ ಚಪ್ಪಲಿ ಧರಿಸಿ. ಟವೆಲನ್ನು ಹಂಚಿಕೊಳ್ಳಬೇಡಿ. ಈಜಿದ ಮೇಲೆ ಪ್ರತಿ ಬೆರಳ ಸಂದಿಯನ್ನೂ ಒರೆಸಿ ಒಣಗಿಸಿ, ನಂತರವೇ ಒಗೆದ ಹತ್ತಿಯ ಕಾಲುಚೀಲ ಹಾಕಿಕೊಳ್ಳಿ. ಪಾದದಲ್ಲಿ ಸೋಂಕಿದ್ದರೆ ಒಳ ಉಡುಪಿಗಿಂತ ಮೊದಲು ಕಾಲುಚೀಲ ಧರಿಸಿ. ಆಗ ಶಿಲೀಂಧ್ರ ತೊಡೆಸಂದಿಗೆ ದಾಟುವುದು ತಪ್ಪುತ್ತದೆ. ವಾಸಿಯಾಗುವವರೆಗೆ ಕೊಳದಿಂದ ದೂರವಿರಿ; ವೈದ್ಯರು ಹೇಳಿದಷ್ಟು ದಿನ ಔಷಧ ಹಚ್ಚಿ. ಮಧುಮೇಹವಿದ್ದವರಂತೂ ಬೆರಳ ಸಂದಿಯ ಬಿರುಕನ್ನು ಅಲಕ್ಷಿಸಲೇಬಾರದು, ಬ್ಯಾಕ್ಟೀರಿಯಗಳಿಗೆ ಅದು ತೆರೆದ ಬಾಗಿಲು.

ಶಿಕ್ಷಕರೇ, ಮಳೆಗಾಲದಲ್ಲಿ ಒದ್ದೆ ಬೂಟಿನಲ್ಲಿ ಬಂದ ಮಕ್ಕಳಿಗೆ ತರಗತಿಯಲ್ಲಿ ಅದನ್ನು ಕಳಚಿಡಲು ಅನುಮತಿ ಕೊಡಿ. ಅದಕ್ಕೆ ಖರ್ಚೇನೂ ಇಲ್ಲ.