ಒಂದು ಅಕ್ಷರದ ಅಂತರ: ನೈಸೀಯ ವಿಶ್ವಾಸಪ್ರಮಾಣದ ಚರಿತ್ರೆ

ಗಡಿನಾಡಿನಲ್ಲಿ ಬಾಳುವ ನಮಗೆ ಒಂದು ಪದದ ಬೆಲೆ ಏನೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕ್ರೈಸ್ತ ಸಭೆಯು ತನ್ನ ರಕ್ಷಕನ ವಿಷಯದಲ್ಲಿ ತಾನು ನಂಬುವುದನ್ನು ಒಂದೊಂದು ಪದವನ್ನೂ ತೂಗಿ ನಿರ್ಣಯಿಸಿಕೊಂಡ ಚರಿತ್ರೆಯನ್ನು ಈ ಸಂಚಿಕೆಯ ಓದುಗರ ಮುಂದಿಡಲು ಅದೇ ಕಾರಣ. ಆ ನಿರ್ಣಯದ ಮೊದಲ ಘಟ್ಟಕ್ಕೆ 2025ರಲ್ಲಿ 1700 ವರ್ಷಗಳು ತುಂಬಿದವು.

ಆದಿ ಕ್ರೈಸ್ತರು ಯೆಹೂದ್ಯರಿಂದ ಏಕದೇವ ನಂಬಿಕೆಯನ್ನು ಪಡೆದವರು. ಅದೇ ಸಮಯದಲ್ಲಿ, ಶಿಲುಬೆಯಲ್ಲಿ ಸತ್ತು ಮೂರನೆಯ ದಿನ ಎದ್ದುಬಂದನೆಂದು ತಾವು ಸಾರುತ್ತಿದ್ದ ಯೇಸುವನ್ನು ಕರ್ತನೆಂದು ಕರೆದು ಪ್ರಾರ್ಥಿಸುತ್ತಿದ್ದರು. ದೇವರು ಒಬ್ಬನೇ ಆದರೆ ಯೇಸು ಯಾರು? ಸುಮಾರು ಮೂರು ಶತಮಾನಗಳ ಕಾಲ ಈ ಪ್ರಶ್ನೆಗೆ ಸರ್ವಸಮ್ಮತವಾದ ಒಂದೇ ಉತ್ತರವಿರಲಿಲ್ಲ.

ನಾಲ್ಕನೆಯ ಶತಮಾನದ ಆರಂಭದಲ್ಲಿ ಈಜಿಪ್ತಿನ ಅಲೆಕ್ಸಾಂಡ್ರಿಯ ನಗರದ ಅರಿಯಸ್ ಎಂಬ ಪಾದ್ರಿ ತನ್ನ ಉತ್ತರವನ್ನು ನೇರವಾಗಿಯೇ ಹೇಳಿದನು. ಮಗನು ಸಕಲ ಸೃಷ್ಟಿಗಿಂತ ಮೇಲಿನವನು ನಿಜ. ಆದರೆ ಅವನೂ ಸೃಷ್ಟಿಗೊಂಡವನೇ, ಅವನಿಗೂ ಆದಿಯುಂಟು ಎಂಬುದು ಅವನ ವಾದ. ಊರೂರುಗಳಲ್ಲಿ ಸಭೆ ಒಡೆಯತೊಡಗಿತು. ಸಾಮ್ರಾಜ್ಯದ ಐಕ್ಯವನ್ನು ಬಯಸಿದ ಕಾನ್‌ಸ್ಟಂಟೈನ್ ಚಕ್ರವರ್ತಿ 325ರಲ್ಲಿ ನೈಸೀಯದಲ್ಲಿ ಬಿಷಪರ ಪರಿಷತ್ತನ್ನು ಕರೆಸಿದನು. ಅದು ಇಂದಿನ ತುರ್ಕಿ ದೇಶದ ಇಜ್ನಿಕ್. ಅಲ್ಲಿ ನೆರೆದ ಬಿಷಪರು 318 ಮಂದಿ ಎಂಬುದು ಸಂಪ್ರದಾಯದ ಎಣಿಕೆ.

ಪರಿಷತ್ತು ಅರಿಯಸನ ವಾದವನ್ನು ತಳ್ಳಿಹಾಕಿತು. ಮಗನು ಸೃಷ್ಟಿಯಾದವನಲ್ಲ, ತಂದೆಯಿಂದ ಜನಿಸಿದವನು, ತಂದೆಯ ತತ್ತ್ವವೇ ಅವನ ತತ್ತ್ವ ಎಂದು ಸಾರಿತು. ಇದಕ್ಕಾಗಿ ಬಳಸಿದ ಗ್ರೀಕ್ ಪದ 'ಹೊಮೊಊಸಿಯೊಸ್', ಅಂದರೆ ಏಕತತ್ತ್ವದವನು. ಇದು ಪಂಡಿತರ ಒಣಚರ್ಚೆಯಾಗಿರಲಿಲ್ಲ. ಸೃಷ್ಟಿಗೊಂಡವನು ಸೃಷ್ಟಿಯನ್ನು ಮರಣದಿಂದ ಬಿಡಿಸಬಲ್ಲನೇ? ರಕ್ಷಕನು ದೇವರೇ ಆಗಿರದಿದ್ದರೆ ರಕ್ಷಣೆ ಎಂಬ ಮಾತಿಗೆ ಆಧಾರವೇನು? ಅಲೆಕ್ಸಾಂಡ್ರಿಯದ ಅಥನೇಸಿಯಸನು ಜೀವನಪೂರ್ತಿ ಕೇಳಿದ ಪ್ರಶ್ನೆ ಇದೇ.

ಪರಿಷತ್ತು ಮುಗಿದರೂ ವಾದ ಮುಗಿಯಲಿಲ್ಲ. 328ರಲ್ಲಿ ಬಿಷಪನಾದ ಅಥನೇಸಿಯಸನು ಐದು ಬಾರಿ ಪೀಠ ಕಳೆದುಕೊಂಡು ಸುಮಾರು 17 ವರ್ಷ ದೇಶಭ್ರಷ್ಟನಾಗಿ ಅಲೆದನು. ಮುಂದೆ ಕೆಲವರು 'ಹೊಮೊಯ್‌ಊಸಿಯೊಸ್', ಅಂದರೆ ಸದೃಶತತ್ತ್ವದವನು, ಎಂಬ ಪದವನ್ನು ಮುಂದಿಟ್ಟರು. ಗ್ರೀಕ್ ಬರಹದಲ್ಲಿ ಇವೆರಡಕ್ಕೂ ಇರುವ ವ್ಯತ್ಯಾಸ 'ಐಯೋಟ' ಎಂಬ ಒಂದೇ ಅಕ್ಷರ. ಕನ್ನಡದಲ್ಲಿ 'ಅದೇ' ಎಂಬುದಕ್ಕೂ 'ಅಂಥದೇ' ಎಂಬುದಕ್ಕೂ ಇರುವ ಅಂತರವನ್ನು ನೆನೆದರೆ ಈ ಒಂದಕ್ಷರದ ಭಾರ ನಮಗೆ ತಿಳಿದೀತು.

381ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಕೂಡಿದ ಪರಿಷತ್ತು ನೈಸೀಯದ ನಿರ್ಣಯವನ್ನು ಎತ್ತಿಹಿಡಿಯಿತು. ಇಂದು ಆರಾಧನೆಯಲ್ಲಿ ಹೇಳುವ ವಿಶ್ವಾಸಪ್ರಮಾಣದ ವಿಸ್ತೃತ ಪಾಠ ಈ ಪರಿಷತ್ತಿನ ಹೆಸರಿನಲ್ಲೇ ಬಂದಿದೆ. ಅದರಲ್ಲಿ ಯೇಸು ಮತ್ತು ಮರಿಯಳ ಜೊತೆಗೆ ಪೊಂತ್ಯ ಪಿಲಾತನೆಂಬ ರೋಮನ್ ಅಧಿಕಾರಿಯ ಹೆಸರೂ ಇದೆ. ರಕ್ಷಕನು ಪುರಾಣಕಾಲದವನಲ್ಲ, ಗೊತ್ತಾದ ಕಾಲದಲ್ಲಿ ಗೊತ್ತಾದ ನಾಡಿನಲ್ಲಿ ನೋವುಂಡವನು ಎಂಬುದು ಇದರ ಇಂಗಿತ. ಪಿಲಾತನ ಹೆಸರುಳ್ಳ ಶಿಲಾಶಾಸನವೊಂದು 1961ರಲ್ಲಿ ಕೈಸರೈಯದ ಉತ್ಖನನದಲ್ಲಿ ದೊರೆಯಿತು.

ದೇವರಾದ ರಕ್ಷಕನು ನಿಜವಾಗಿ ಮನುಷ್ಯನೂ ಆಗಿದ್ದನೇ ಎಂಬ ಪ್ರಶ್ನೆ ಉಳಿಯಿತು. ಹಸಿವು, ಕಣ್ಣೀರು, ಸಾವು ತೋರಿಕೆಯವಾದರೆ ಮನುಷ್ಯನ ಬಾಳು ಉದ್ಧಾರವಾದುದೆಲ್ಲಿ? 451ರ ಖಾಲ್ಸಿದೋನ್ ಪರಿಷತ್ತು ಉತ್ತರ ಹೇಳಿತು: ವ್ಯಕ್ತಿ ಒಬ್ಬನೇ, ಸ್ವಭಾವಗಳು ಎರಡು, ದೈವತ್ವ ಮತ್ತು ಮನುಷ್ಯತ್ವ. ಅವು ಕಲಸಿಹೋಗವು, ಮಾರ್ಪಡವು, ಒಡೆಯವು, ಅಗಲವು. 'ಎರಡು ಸ್ವಭಾವ' ಎಂಬ ಮಾತನ್ನು ಈಜಿಪ್ತಿನ ಕಾಪ್ಟರು, ಆರ್ಮೇನಿಯದವರು, ಸಿರಿಯಾದ ಅನೇಕರು ಒಪ್ಪಲಿಲ್ಲ. ಆದರೆ ಕ್ರಿಸ್ತನು ನಿಜ ದೇವರು, ನಿಜ ಮನುಷ್ಯ ಎಂಬುದನ್ನು ಅವರೂ ಸಾರುತ್ತಾರೆ. ಕೇರಳದ ಮಲಂಕರ ಆರ್ಥಡಾಕ್ಸ್ ಸಭೆ ಈ ಪರಂಪರೆಯದು.

ಗ್ರೀಕಿನಲ್ಲಿ ರೂಪುಗೊಂಡ ಈ ನಂಬಿಕೆ ನಮ್ಮ ನುಡಿಗೂ ಬಂದಿತು. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಿಸುವ ಕಾರ್ಯಕ್ಕೆ ಕೈಹಾಕಿದರು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು 1953ರವರೆಗೆ ಅದೇ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಕನ್ನಡ ಬೈಬಲಿನಲ್ಲಿ ಯೇಸುವಿಗೆ ದೇವಕುಮಾರ, ಮನುಷ್ಯಕುಮಾರ ಎಂಬ ಎರಡು ಬಿರುದುಗಳೂ ಇವೆ. ಎರಡೂ ನಮ್ಮ ನುಡಿಗೆ ಸಹಜವಾದ ಸಮಾಸಗಳೇ.

ಈ ನಂಬಿಕೆಯನ್ನು ಒಪ್ಪುವುದು, ಬಿಡುವುದು ಅವರವರ ಅಂತರಂಗಕ್ಕೆ ಸೇರಿದ್ದು. ಆದರೆ ನೆರೆಮನೆಯ ಕ್ರೈಸ್ತ ಬಂಧುಗಳು ಆರಾಧನೆಯಲ್ಲಿ ಒಕ್ಕೊರಲಿನಿಂದ ನುಡಿಯುವ ಆ ಕೆಲವು ವಾಕ್ಯಗಳ ಹಿಂದೆ ಎಷ್ಟು ಚಿಂತನೆ, ಎಷ್ಟು ದೇಶಭ್ರಷ್ಟತೆ ಅಡಗಿದೆ ಎಂಬುದನ್ನು ಅರಿತರೆ, ಅವರ ಹಬ್ಬಕ್ಕೆ ಶುಭ ಕೋರುವಾಗ ನಮ್ಮ ಮಾತಿಗೆ ಇನ್ನಷ್ಟು ಅರ್ಥ ಬಂದೀತು.