ನಲ್ಲ ಎಂಬ ಮಾತು

ಸೊಲ್ಲಾಪುರದಿಂದ ವಿಜಯಪುರಕ್ಕೆ ಬರುವ ರೈಲುದಾರಿ ಭೀಮಾನದಿಯನ್ನು ದಾಟಿದ ಮೇಲೆ ಇಂಡಿ ತಾಲ್ಲೂಕಿನ ಲಚ್ಯಾಣ ಸಿಗುತ್ತದೆ. ಸಿದ್ಧಲಿಂಗ ಮಹಾರಾಜರ ಮಠದಿಂದ ಹೆಸರಾದ ಊರು. ಈ ಸೀಮೆಯಲ್ಲಿ ಗಂಡಸು ‘ನಲ್ಲ’ ಎಂದು ಕರೆದು ಹಾಡುವುದು ಹೊಸದಲ್ಲ. ಹಿಂದೆ ಇದೇ ತಾಲ್ಲೂಕಿಗೆ ಸೇರಿದ್ದು ಈಗ ಚಡಚಣ ತಾಲ್ಲೂಕಿನಲ್ಲಿರುವ ಹಲಸಂಗಿಯಲ್ಲಿ ಮಧುರಚೆನ್ನರು (1903–1953) ಬರೆದ ಕವನಕ್ಕೆ ‘ನನ್ನ ನಲ್ಲ’ ಎಂದೇ ಹೆಸರು. ಅವರಿಗಿಂತ ಎಂಟುನೂರು ವರ್ಷ ಹಿಂದೆ ಗಜೇಶ ಮಸಣಯ್ಯ, ಉರಿಲಿಂಗದೇವ ಮೊದಲಾದ ಶರಣರು ತಮ್ಮನ್ನು ಸತಿಯೆಂದೂ ಲಿಂಗವನ್ನು ಪತಿಯೆಂದೂ ಬಗೆದು ವಿರಹವನ್ನೂ ಕೂಟವನ್ನೂ ವಚನಗಳಲ್ಲಿ ಬಿಚ್ಚಿ ಹೇಳಿದರು. ಇವನ್ನು ಓದಿ ಹುಬ್ಬು ಗಂಟಿಕ್ಕಿದ ವಾಚಕರುಂಟೇ? ಮಠದ ಕಟ್ಟೆಯ ಮೇಲೆ ಭಜನೆಯವರು ಹಾಡಿದರು, ಪಂಡಿತರು ಟೀಕೆ ಬರೆದರು, ಶಾಲೆಯ ಪಠ್ಯದಲ್ಲಿಯೂ ಇಂಥವು ಬಂದವು.

ನಲ್ಲನು ದೇವರಾಗಿರುವವರೆಗೆ ತೊಡಕಿಲ್ಲ. ಅವನು ಬಾಡಿಗೆ ಮನೆಯಲ್ಲಿ ಜೊತೆಗಿದ್ದು, ಸಂಬಳ ತರುವ, ಕೊನೆಗೊಂದು ದಿನ ಹುಡುಗಿಯೊಬ್ಬಳನ್ನು ಮದುವೆಯಾಗಿ ಹೊರಟುಹೋಗುವ ಮನುಷ್ಯನಾದಾಗಲೇ ತೊಡಕು. ವಸುಧೇಂದ್ರರ ‘ಮೋಹನಸ್ವಾಮಿ’ ಕಥಾಸಂಕಲನ 2013ರಲ್ಲಿ ಕನ್ನಡ ವಾಚಕರ ಮುಂದಿಟ್ಟದ್ದು ಇಂಥ ನಲ್ಲನನ್ನು. ಕಾರ್ತಿಕನ ಮದುವೆ ಊರಿಗೆಲ್ಲ ಸಂಭ್ರಮ. ಮೋಹನಸ್ವಾಮಿಗೆ ಮಾತ್ರ ಅದು ಸಾವಿಗೆ ಸಮಾನ. ಆದರೆ ಸತ್ತವರ ಮನೆಗೆ ಜನ ಬರುತ್ತಾರೆ, ‘ಅಳಬ್ಯಾಡಪ್ಪಾ’ ಎನ್ನುತ್ತಾರೆ. ಇವನ ದುಃಖಕ್ಕೆ ಹೆಸರೇ ಇಲ್ಲ.

ಗಂಡು ಗಂಡಿಗಾಗಿ ಅತ್ತರೆ ಕನ್ನಡಿಗನಿಗೆ ನಾಚಿಕೆಯೆಂದು ಹೇಳುವಂತಿಲ್ಲ. ಮುಧೋಳದ ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನನು ರಣರಂಗದಲ್ಲಿ ಬಿದ್ದ ಕರ್ಣನನ್ನು ಕಂಡು ಗೋಳಿಡುವ ಭಾಗವನ್ನು ನಮ್ಮ ಮೇಷ್ಟರುಗಳು ಗಂಟಲು ಬಿಗಿದುಕೊಂಡು ಪಾಠ ಹೇಳುತ್ತಿದ್ದರು. ಅದು ಸ್ನೇಹ, ಇದು ಪ್ರೇಮ ಎಂದು ಯಾರಾದರೂ ತಿದ್ದಬಹುದು. ಒಪ್ಪಿದೆ. ಆದರೆ ಕಣ್ಣೀರನ್ನು ನೋಡಿ ಇದು ಯಾವ ಜಾತಿಯದೆಂದು ಹೇಳುವ ವಿದ್ಯೆ ಅಲಂಕಾರಶಾಸ್ತ್ರದಲ್ಲಿಯೂ ಇದ್ದಂತಿಲ್ಲ.

ಈ ಬಗೆಯ ಬರಹದ ಮೇಲೆ ವಾಚಕರ ಕದನ ಭಾರತದಲ್ಲಿ ಹಳೆಯದು. 1924ರಲ್ಲಿ ಕಲಕತ್ತೆಯ ‘ಮತವಾಲಾ’ ಪತ್ರಿಕೆಯಲ್ಲಿ ಪಾಂಡೇಯ ಬೇಚನ್ ಶರ್ಮಾ ‘ಉಗ್ರ’ ಅವರು ‘ಚಾಕಲೇಟ್’ ಎಂಬ ಹಿಂದೀ ಕಥೆಯನ್ನು ಬರೆದರು. 1927ರಲ್ಲಿ ಆ ಮಾದರಿಯ ಕಥೆಗಳು ಪುಸ್ತಕವಾದವು. ಉಗ್ರರ ಉದ್ದೇಶ ಸಲಿಂಗಮೋಹವನ್ನು ಖಂಡಿಸುವುದೇ ಆಗಿತ್ತು. ಆದರೂ ಬನಾರಸೀದಾಸ ಚತುರ್ವೇದಿಯವರು ಅದನ್ನು ‘ಘಾಸಲೇಟಿ’ ಸಾಹಿತ್ಯವೆಂದು, ಅಂದರೆ ಸೀಮೆಎಣ್ಣೆಯ ನಾತದ ಬರವಣಿಗೆಯೆಂದು, ಜರಿದು ಚಳವಳಿಯನ್ನೇ ಹೂಡಿದರು. ಗಾಂಧೀಜಿಯವರಿಗೂ ದೂರು ಹೋಯಿತು. ಗಾಂಧೀಜಿ ಪುಸ್ತಕವನ್ನು ತಾವೇ ಓದಿ, ಲೇಖಕರ ಉದ್ದೇಶ ಶುದ್ಧವಾಗಿದೆಯೆಂದು ಪತ್ರ ಬರೆದರು. ಆ ಪತ್ರವನ್ನು ಚತುರ್ವೇದಿಯವರು ಬೆಳಕಿಗೆ ತಂದದ್ದು 1951ರಲ್ಲಿ! ಒಬ್ಬ ವಾಚಕನ ಅಭಿಪ್ರಾಯ ಇಷ್ಟು ಕಾಲ ಪೆಟ್ಟಿಗೆಯಲ್ಲಿ ಮಲಗಿದ್ದು ವಿಚಿತ್ರ. ಆ ವಾಚಕ ಮಹಾತ್ಮರಾಗಿದ್ದದ್ದು ಇನ್ನೂ ವಿಚಿತ್ರ.

ಉರ್ದುವಿನಲ್ಲಿ ಇಸ್ಮತ್ ಚುಗ್ತಾಯಿಯವರು 1942ರಲ್ಲಿ ‘ಲಿಹಾಫ್’ ಬರೆದು ಲಾಹೋರಿನ ಕೋರ್ಟಿನ ಕಟ್ಟೆ ಹತ್ತಿ, ಗೆದ್ದು ಬಂದರು. ಇಂಗ್ಲೆಂಡಿನ ಇ. ಎಂ. ಫಾರ್ಸ್ಟರರಿಗೆ ಅಷ್ಟು ಧೈರ್ಯ ಸಾಲಲಿಲ್ಲವೆನ್ನಬೇಕು. 1913–14ರಲ್ಲಿ ಬರೆದ ‘ಮಾರಿಸ್’ ಕಾದಂಬರಿಯನ್ನು ಆಪ್ತರಿಗೆ ಮಾತ್ರ ತೋರಿಸಿ ಮುಚ್ಚಿಟ್ಟರು. ಅದು ಅಚ್ಚಾದದ್ದು 1971ರಲ್ಲಿ, ಅವರು ತೀರಿಕೊಂಡ ಮರುವರ್ಷ. ಇಬ್ಬರು ಗಂಡಸರ ಪ್ರೇಮ ಸುಖಾಂತವಾಗಲೇಬೇಕೆಂಬುದು ಅವರ ಹಟವಾಗಿತ್ತು.

ನಮ್ಮ ಸೀಮೆಯ ನೆರೆಯ ಮರಾಠಿಯಲ್ಲಿ ಸಚಿನ್ ಕುಂಡಲಕರರು 2006ರಲ್ಲಿ ‘ಕೋಬಾಲ್ಟ್ ಬ್ಲೂ’ ಎಂಬ ಕಾದಂಬರಿ ಪ್ರಕಟಿಸಿದರು. ದುಃಖ ಮತ್ತು ಪ್ರೇಮಗಳ ಮಾತು ಬಂದಾಗ ಇದನ್ನು ಬಿಡುವಂತಿಲ್ಲ. ಮನೆಗೆ ಬಾಡಿಗೆಗೆ ಬಂದ ಯುವಕನನ್ನು ಅಣ್ಣನೂ ಪ್ರೀತಿಸುತ್ತಾನೆ, ತಂಗಿಯೂ ಪ್ರೀತಿಸುತ್ತಾಳೆ. ತಂಗಿ ಅವನೊಡನೆ ಓಡಿಹೋಗಿ, ಅವನು ಕೈಬಿಟ್ಟ ಮೇಲೆ ಮರಳುತ್ತಾಳೆ. ಅವಳಿಗಾಗಿ ಮನೆಮಂದಿಯೆಲ್ಲ ಬೈದು, ಅತ್ತು, ವೈದ್ಯರ ಬಳಿಗೆ ಓಡುತ್ತಾರೆ. ಅದೇ ಮನುಷ್ಯನನ್ನು ಕಳೆದುಕೊಂಡ ಅಣ್ಣನನ್ನು ಏನಾಯಿತೆಂದು ಕೇಳುವವರೇ ಇಲ್ಲ. ಒಂದೇ ಸೂರು, ಒಂದೇ ನಷ್ಟ. ಬೈಗುಳದ ಭಾಗ್ಯವೂ ಒಬ್ಬಳಿಗೇ. ಇಷ್ಟು ಸರಳವಾದ ಉಪಾಯದಿಂದ ಇಷ್ಟು ದೊಡ್ಡ ಅನ್ಯಾಯವನ್ನು ತೋರಿಸಿದ ಬೇರೆ ಪುಸ್ತಕ ನನಗೆ ತಿಳಿದಿಲ್ಲ.

‘ಮೋಹನಸ್ವಾಮಿ’ಗೆ ಕನ್ನಡದಲ್ಲಿ ನಿಷೇಧದ ಕೂಗು ಎದುರಾಗಲಿಲ್ಲ. ಎದುರಾದದ್ದು ಒಂದು ಬಗೆಯ ಮುಜುಗರದ ಮೌನ. ಪುಸ್ತಕ ಮತ್ತೆ ಮತ್ತೆ ಅಚ್ಚಾಯಿತು. ಓದಿದವರು ಬಹಳ, ಓದಿದೆನೆಂದು ನಾಲ್ಕು ಜನರ ಮುಂದೆ ಹೇಳಿದವರು ಕಡಿಮೆ. ಬರವಣಿಗೆ ಹೇಗಿದೆಯೆನ್ನುವುದಕ್ಕಿಂತ ‘ಇದು ಲೇಖಕರ ಸ್ವಂತ ಕಥೆಯೇ?’ ಎಂಬ ಕುತೂಹಲವೇ ಹಲವರಿಗೆ ಮುಂದಾಯಿತು. ಮೊದಲು ಬೇರೊಂದು ಹೆಸರಿನಿಂದ ಇಂಥ ಕಥೆಯನ್ನು ಪ್ರಕಟಿಸಿದ್ದ ವಸುಧೇಂದ್ರರು, ತಾವೂ ಸಲಿಂಗಪ್ರೇಮಿಯೆಂದು ಬಹಿರಂಗವಾಗಿ ಹೇಳಿ ಆ ಕುತೂಹಲದ ಬಾಯಿ ಕಟ್ಟಿದರು. 2016ರಲ್ಲಿ ರಶ್ಮಿ ತೇರದಾಳರ ಇಂಗ್ಲಿಷ್ ಅನುವಾದ ಬಂದ ಮೇಲೆ ಹೊರಗಿನವರೂ ಓದಿದರು. ಮನೆಯ ಮಗನನ್ನು ಹೊರಗಿನವರು ಹೊಗಳಿದ ಮೇಲೆ ಮನೆಯವರು ಮಾತನಾಡಿಸುವುದು ನಮ್ಮಲ್ಲಿ ವಾಡಿಕೆಯಷ್ಟೆ.

ಕಾಲವೂ ಕಠಿಣವಾಗಿತ್ತು. 1860ರ ದಂಡಸಂಹಿತೆಯ 377ನೆಯ ಕಲಮನ್ನು ದಿಲ್ಲಿಯ ಹೈಕೋರ್ಟು 2009ರಲ್ಲಿ ಸಡಿಲಿಸಿತ್ತು. ಪುಸ್ತಕ ಬಂದ ವರ್ಷವೇ, 2013ರ ಡಿಸೆಂಬರ್ 11ರಂದು, ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. ಮೋಹನಸ್ವಾಮಿಯಂಥವರು ಪುನಃ ಅಪರಾಧಿಗಳಾದರು. 2018ರ ಸೆಪ್ಟೆಂಬರ್ 6ರಂದು ಅದೇ ನ್ಯಾಯಾಲಯದ ಐವರು ನ್ಯಾಯಾಧೀಶರು ಆ ಕಳಂಕವನ್ನು ತೆಗೆದರು. ಮದುವೆಯ ಹಕ್ಕನ್ನು ಮಾತ್ರ 2023ರ ಅಕ್ಟೋಬರ್ 17ರ ತೀರ್ಪು ಕೊಡಲಿಲ್ಲ.

ಪತ್ರಿಕೆಯ ವಿಮರ್ಶೆಗಿಂತ ಬೇರೆ ತೆರನಾದ ವಾಚಕಾಭಿಪ್ರಾಯವೂ ಒಂದಿತ್ತು. ಪುಸ್ತಕ ಓದಿದ ಅನೇಕ ಗಂಡಸರು ವಸುಧೇಂದ್ರರಿಗೆ ಫೋನು ಮಾಡಿದರು, ಪತ್ರ ಬರೆದರು. ಇಂಗ್ಲಿಷ್ ಬಾರದ, ತಮ್ಮಂಥವರು ಜಗತ್ತಿನಲ್ಲಿ ಇನ್ನೊಬ್ಬರಿದ್ದಾರೆಂದು ಕನ್ನಡದಲ್ಲಿ ಮೊದಲ ಸಲ ಓದಿದ ಜನ ಅವರಲ್ಲಿದ್ದರು. ಅವರಿಗೆ ಕಥೆಯ ಶಿಲ್ಪದ ಚರ್ಚೆ ಬೇಕಿರಲಿಲ್ಲ. ಮನೆಯಲ್ಲಿ ಹೆಣ್ಣು ನೋಡುತ್ತಿದ್ದಾರೆ, ಏನು ಮಾಡಲಿ ಎಂಬುದೇ ಇಂಥವರ ಪ್ರಶ್ನೆ.